ಸ್ಥೂಲಕಾಯವೂ ಅರ್ಬುದವೂ: ಒಂದು ಲೆಕ್ಕದ ಚರಿತ್ರೆ

ನಮ್ಮ ನುಡಿಯಲ್ಲಿ ದಪ್ಪಗಿರುವುದು ಬಹುಕಾಲ ಹೊಗಳಿಕೆಯ ಮಾತೇ ಆಗಿತ್ತು. ಬಹಳ ದಿನಗಳ ಮೇಲೆ ಕಂಡ ನಂಟರನ್ನು 'ಮೈಕೈ ತುಂಬಿಕೊಂಡಿದ್ದೀರಿ' ಎಂದು ಮಾತನಾಡಿಸಿದರೆ ಅವರು ಸುಖವಾಗಿದ್ದಾರೆಂದು ಅರ್ಥ. ರಜೆಗೆ ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ 'ಇಳಿದುಹೋಗಿದ್ದೀಯಲ್ಲೋ' ಎನ್ನುವ ತಾಯಿಯ ದನಿಯಲ್ಲಿರುವುದು ಕಳವಳ. ಇದರ ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ದೊಡ್ಡ ಬರದಂಥ ಬರಗಳನ್ನು ಕಂಡ ನಾಡು ಇದು. ಕ್ಷಯರೋಗದಿಂದ ಎಳೆಯ ಪ್ರಾಯದವರು ಕರಗಿಹೋಗುತ್ತಿದ್ದುದನ್ನು ಮನೆಮನೆಯಲ್ಲಿ ಕಂಡ ನಾಡು. ಇಂಥ ಕಡೆ ಮೈಮೇಲಿನ ಮಾಂಸವೆಂದರೆ ಕಣಜದಲ್ಲಿ ಉಳಿದ ಕಾಳಿದ್ದಂತೆ. ಕಷ್ಟಕಾಲಕ್ಕೆ ಆಗುವ ಗಂಟು.

ಹೀಗಿರುವಾಗ ಆ ಗಂಟೇ ಕೆಲವರ ಪಾಲಿಗೆ ಕ್ಯಾನ್ಸರಿನ ದಾರಿಯಾಗಬಲ್ಲದೆಂದು ಯಾರಿಗೆ ತಾನೆ ತೋರೀತು? ಅದರಲ್ಲೂ ಕ್ಯಾನ್ಸರ್ ರೋಗಿಯನ್ನು ನಾವು ಕಾಣುವುದು ಹಾಸಿಗೆ ಹಿಡಿದು, ಎಲುಬು ಎದ್ದು, ಬಡವಾದ ಮೇಲೆ. ಕಣ್ಣಿಗೆ ಕಾಣುವ ಸಾಕ್ಷ್ಯವೆಲ್ಲ ತದ್ವಿರುದ್ಧವಾಗಿದೆ. ಆದರೂ ಇವೆರಡಕ್ಕೂ ನಂಟು ಉಂಟೆಂಬುದು ಇಂದು ವೈದ್ಯಲೋಕ ಒಪ್ಪಿಕೊಂಡ ಸಂಗತಿ. ಅದು ತಿಳಿದುಬಂದ ಬಗೆಯಂತೂ ಚರಿತ್ರೆಯ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾದದ್ದು. ಆ ತಿಳಿವಳಿಕೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಹುಟ್ಟಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಹುಟ್ಟಿತು. ಲೆಕ್ಕದಿಂದ ಬಂದ ತಿಳಿವಳಿಕೆಯನ್ನು ಹೇಗೆ ಬಳಸಬೇಕು, ಹೇಗೆ ಬಳಸಬಾರದು ಎಂಬ ವಿವೇಕವೂ ಅದೇ ಚರಿತ್ರೆಯಲ್ಲಿ ಅಡಗಿದೆ.

ಪ್ರಾಚೀನರ ನೋಟ

ಹಿಂದಿನವರು ಬೊಜ್ಜನ್ನು ಗಮನಿಸಲಿಲ್ಲವೆಂದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ನಿಂದ್ಯರಾದ ಎಂಟು ಬಗೆಯ ದೇಹದವರನ್ನು ಹೆಸರಿಸಿ, ಅವರಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬ ಇಬ್ಬರನ್ನೇ ಮುಖ್ಯವಾಗಿ ವಿಚಾರಿಸಿದೆ. ಅತಿಸ್ಥೂಲನ ಎಂಟು ದೋಷಗಳಲ್ಲಿ ಆಯುಸ್ಸು ಕುಗ್ಗುವುದೂ ಒಂದು. ಎರಡರಲ್ಲಿ ಕೃಶತೆಯೇ ಮೇಲು, ಏಕೆಂದರೆ ಸ್ಥೂಲನಿಗೆ ಚಿಕಿತ್ಸೆ ಮಾಡುವುದು ಕಷ್ಟ ಎಂದೂ ಅಲ್ಲಿ ಹೇಳಿದೆ. ಗ್ರೀಸ್ ದೇಶದ ಹಿಪಾಕ್ರಟಿಸನ ಹೆಸರಿನಲ್ಲಿ ಬಂದ ಸೂತ್ರಗಳಲ್ಲಿಯೂ ಬಹಳ ದಪ್ಪಗಿರುವವರು ತೆಳ್ಳಗಿರುವವರಿಗಿಂತ ಹಠಾತ್ತಾಗಿ ಸಾಯುವುದು ಹೆಚ್ಚು ಎಂಬ ಅಭಿಪ್ರಾಯವಿದೆ.

ಇನ್ನು ಗಡ್ಡೆಗಳ ವಿಚಾರ. ಸುಶ್ರುತನು ಅರ್ಬುದವನ್ನು ಆರು ಬಗೆಯಾಗಿ ವಿಂಗಡಿಸಿ, ಮೇದಸ್ಸಿನಿಂದ ಆಗುವ ಮೇದೋಜ ಅರ್ಬುದವನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಇದನ್ನು ಓದಿ, ನೋಡಿ, ನಮ್ಮವರಿಗೆ ಆಗಲೇ ಎಲ್ಲವೂ ತಿಳಿದಿತ್ತು ಎಂದು ಬೀಗುವುದು ಸುಲಭ. ಆದರೆ ಗ್ರಂಥಕ್ಕೆ ನ್ಯಾಯ ಸಲ್ಲಿಸಬೇಕಾದರೆ ಹಾಗೆ ಹೇಳಲಾಗದು. ಅಲ್ಲಿ ಹೇಳಿರುವುದು ಮೇದಸ್ಸು ಕೆಟ್ಟು ಗಡ್ಡೆಯಾಗುವುದನ್ನು ಮಾತ್ರ. ಸ್ಥೂಲಕಾಯದವರಿಗೆ ಕರುಳಿನಲ್ಲಿಯೋ ಗರ್ಭಕೋಶದಲ್ಲಿಯೋ ಅರ್ಬುದವಾಗುವ ಸಂಭವ ಹೆಚ್ಚೆಂಬ ಮಾತು ಬೇರೆ. ಅದು ಒಬ್ಬ ರೋಗಿಯನ್ನು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರೂ ಗೋಚರವಾಗುವಂಥದಲ್ಲ. ದಪ್ಪಗಿರುವ ಸಾವಿರಾರು ಜನರನ್ನೂ ತೆಳ್ಳಗಿರುವ ಸಾವಿರಾರು ಜನರನ್ನೂ ಹತ್ತಾರು ವರ್ಷ ಹಿಂಬಾಲಿಸಿ, ಯಾರು ಯಾವ ರೋಗದಿಂದ ಸತ್ತರೆಂದು ಎಣಿಸಬೇಕು. ಸಂಸ್ಕೃತದಲ್ಲಿ 'ಅರ್ಬುದ'ವೆಂಬುದು ಗಡ್ಡೆಗೆ ಮಾತ್ರವಲ್ಲ, ಕೋಟಿಗಳಲ್ಲಿ ಎಣಿಸುವ ಒಂದು ದೊಡ್ಡ ಸಂಖ್ಯೆಗೂ ಹೆಸರು. ಈ ರೋಗದ ಗುಟ್ಟು ಕೊನೆಗೆ ಎಣಿಕೆಯಿಂದಲೇ ಹೊರಬಿದ್ದಿತು.

ವಿಮೆಯ ಕಡತಗಳು

ಅಷ್ಟೊಂದು ಜನರ ತೂಕ, ಎತ್ತರ, ಸಾವಿನ ಕಾರಣ ಇವನ್ನೆಲ್ಲ ಬರೆದಿಟ್ಟುಕೊಳ್ಳುವ ತಾಳ್ಮೆ ಯಾರಿಗಿತ್ತು? ಜೀವವಿಮೆಯ ಕಂಪೆನಿಗಳಿಗಿತ್ತು. ವಿಮೆಯ ವ್ಯಾಪಾರವೇ ಆಯುಸ್ಸಿನ ಮೇಲೆ ನಿಂತದ್ದು. ಪಾಲಿಸಿ ಪಡೆದವನು ಎಣಿಸಿದ್ದಕ್ಕಿಂತ ಬೇಗ ಸತ್ತರೆ ಕಂಪೆನಿಗೆ ನಷ್ಟ. ಆದ್ದರಿಂದ ಅರ್ಜಿ ಹಾಕಿದವನನ್ನು ವೈದ್ಯರಿಂದ ತೂಗಿಸಿ, ಅಳೆಯಿಸಿ, ಅಂಕಿಗಳನ್ನು ಕಡತಕ್ಕೆ ಸೇರಿಸುವ ಪದ್ಧತಿ ಬೆಳೆಯಿತು. ಅದು ಭೂತದಯೆಯಿಂದ ಮಾಡಿದ ಕೆಲಸವಲ್ಲ. ಕಂತಿನ ಹಣವನ್ನು ಗೊತ್ತುಮಾಡುವುದಕ್ಕಾಗಿ ಮಾಡಿದ್ದು. ಆದರೂ ಮುಂದೆ ವಿಜ್ಞಾನಕ್ಕೆ ಒದಗಿದ ಸಾಮಗ್ರಿ ಅದೇ.

ಅಮೆರಿಕದ ವಿಮಾ ಕಂಪೆನಿಗಳ ಗಣಿತಜ್ಞರೂ ವೈದ್ಯರೂ ಕೂಡಿ, ೧೮೮೫ರಿಂದ ೧೯೦೮ರವರೆಗೆ ಕೊಟ್ಟ ಪಾಲಿಸಿಗಳನ್ನು ಶೋಧಿಸಿ, ೧೯೧೨ರಿಂದ ಮೊದಲುಗೊಂಡು ಸಂಪುಟಗಳಾಗಿ ವರದಿಯನ್ನು ಹೊರತಂದರು. ಅದರಲ್ಲಿ ಕಂಡುಬಂದದ್ದು ಎರಡು ಮುಖದ ಸತ್ಯ. ಎಳೆಯ ಪ್ರಾಯದಲ್ಲಿ ತೂಕ ತೀರ ಕಡಿಮೆಯಾದವರಿಗೆ ಅಪಾಯ ಹೆಚ್ಚು. ಕ್ಷಯದ ಕಾಲ ಅದು. ನಡುಹರೆಯ ದಾಟಿದ ಮೇಲೆ ಲೆಕ್ಕ ತಿರುವುಮುರುವಾಗಿ, ತೂಕ ಏರಿದಷ್ಟೂ ಸಾವು ಹತ್ತಿರವಾಗುತ್ತಿತ್ತು. ಮಗ ಇಳಿದುಹೋದನೆಂದು ಮರುಗುವ ತಾಯಿಯ ಮಾತೂ, ಸ್ಥೂಲನಿಗೆ ಆಯುಸ್ಸು ಕಡಿಮೆಯೆಂದ ಚರಕನ ಮಾತೂ, ಎರಡೂ ತಮ್ಮ ತಮ್ಮ ಎಡೆಯಲ್ಲಿ ನಿಜವೇ ಆಗಿದ್ದುವು.

ನ್ಯೂವಾರ್ಕ್ ನಗರದ ಪ್ರುಡೆನ್ಷಿಯಲ್ ಕಂಪೆನಿಯಲ್ಲಿ ಅಂಕಿಅಂಶಗಳ ಅಧಿಕಾರಿಯಾಗಿದ್ದ ಫ್ರೆಡರಿಕ್ ಹಾಫ್‌ಮನ್ ಎಂಬವನು ಕ್ಯಾನ್ಸರಿನ ಸಾವುಗಳನ್ನೇ ಹಿಡಿದು ಹೊರಟನು. ೧೯೧೫ರಲ್ಲಿ ಲೋಕದ ನಾನಾ ದೇಶಗಳ ಕ್ಯಾನ್ಸರ್ ಮರಣಗಳನ್ನು ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದನು. ೧೯೩೭ರಲ್ಲಿ ಕ್ಯಾನ್ಸರ್ ಮತ್ತು ಆಹಾರವನ್ನು ಕುರಿತು ಇನ್ನೊಂದು ಗ್ರಂಥ ಬರೆದು, ಅತಿಪೋಷಣೆಯೇ ಈ ರೋಗದ ಒಂದು ಮುಖ್ಯ ಕಾರಣವೆಂದು ವಾದಿಸಿದನು. ಆದರೆ ಇದೇ ಹಾಫ್‌ಮನ್ನನು ೧೮೯೬ರಲ್ಲಿ ಅಮೆರಿಕದ ಕರಿಯರನ್ನು ಕುರಿತು ಬರೆದ ಗ್ರಂಥದಲ್ಲಿ, ಅವರ ಮರಣಪ್ರಮಾಣ ಹೆಚ್ಚಾಗಿರುವುದು ಬಡತನದಿಂದಲ್ಲ, ಜನಾಂಗದ ಗುಣದಿಂದ ಎಂದು ಸಾಧಿಸಹೊರಟಿದ್ದನೆಂಬುದನ್ನು ಮರೆಯಲಾಗದು. ಅಂಕಿಗಳು ಸುಳ್ಳಾಡದಿರಬಹುದು, ಆದರೆ ಅವುಗಳ ಬಾಯಲ್ಲಿ ತನಗೆ ಬೇಕಾದುದನ್ನು ಹೇಳಿಸುವ ಜಾಣ್ಮೆ ಮನುಷ್ಯನಿಗೆ ಇದ್ದೇ ಇದೆ. ಯಾರ ಮೇಲೆ ಅಂಕಿಯ ಬೆರಳು ತೋರುತ್ತದೆಯೋ ಅವರನ್ನೇ ತಪ್ಪಿತಸ್ಥರೆನ್ನುವ ಚಪಲದ ಮಾತು ಈ ಲೇಖನದ ಕೊನೆಯಲ್ಲಿ ಮತ್ತೆ ಬರಲಿದೆ.

ಇಲಿಗಳ ಸಾಕ್ಷ್ಯ

ಲೆಕ್ಕ ನಂಟನ್ನು ತೋರಿಸಬಲ್ಲದು, ಕಾರಣವನ್ನು ತೋರಿಸಲಾರದು. ದಪ್ಪಗಿರುವವರು ಉಣ್ಣುವುದು ಬೇರೆ, ಉಡುವುದು ಬೇರೆ, ಕೂತು ಮಾಡುವ ಉದ್ಯೋಗ ಬೇರೆ. ಇವುಗಳಲ್ಲಿ ಯಾವುದು ರೋಗಕ್ಕೆ ಮೂಲವೆಂದು ಕಡತ ಹೇಳುವುದಿಲ್ಲ. ಅದನ್ನು ಹೇಳಲು ಪ್ರಯೋಗ ಬೇಕು. ೧೯೦೯ರಲ್ಲಿ ಇಟಲಿಯ ಕಾರ್ಲೋ ಮೊರೆಸ್ಕಿ ಎಂಬ ಸಂಶೋಧಕನು, ಕಡಿಮೆ ಮೇವು ಕೊಟ್ಟ ಇಲಿಗಳಲ್ಲಿ ಕಸಿಮಾಡಿದ ಗಡ್ಡೆಗಳು ಅಷ್ಟಾಗಿ ಬೆಳೆಯುವುದಿಲ್ಲವೆಂದು ತೋರಿಸಿದ್ದನು. ೧೯೧೪ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಅದೇ ದಾರಿಯಲ್ಲಿ ಮುಂದೆ ಹೋಗಿ, ತಾನಾಗಿ ಹುಟ್ಟುವ ಗಡ್ಡೆಗಳ ಮೇಲೂ ಆಹಾರದ ಪ್ರಭಾವವನ್ನು ಪರೀಕ್ಷಿಸಿದನು. ಕೋಳಿಯ ಗಡ್ಡೆಯನ್ನು ಹರಡುವ ವೈರಸ್ಸನ್ನು ಕಂಡುಹಿಡಿದುದಕ್ಕಾಗಿ ೧೯೬೬ರಲ್ಲಿ ನೊಬೆಲ್ ಬಹುಮಾನ ಪಡೆದ ರೌಸ್ ಇವನೇ.

ಎರಡು ದಾರಿಗಳನ್ನೂ ಒಂದೆಡೆ ಕೂಡಿಸಿದವನು ಷಿಕಾಗೋ ನಗರದ ಮೈಕೆಲ್ ರೀಸ್ ಆಸ್ಪತ್ರೆಯ ಆಲ್ಬರ್ಟ್ ಟ್ಯಾನೆನ್‌ಬಾಮ್. ಅವನು ೧೯೪೦ರಲ್ಲಿ ವಿಮಾ ಕಂಪೆನಿಗಳ ಅಂಕಿಗಳನ್ನು ಮುಂದಿಟ್ಟುಕೊಂಡು, ತೂಕ ಹೆಚ್ಚಿರುವವರಲ್ಲಿ ಕ್ಯಾನ್ಸರ್ ಹೆಚ್ಚೆಂದು ಪ್ರಬಂಧ ಬರೆದನು. ಜೊತೆಗೇ ಇಲಿಗಳ ಮೇಲೆ ಪ್ರಯೋಗಕ್ಕೆ ತೊಡಗಿದನು. ಜೀವಸತ್ವ, ಸಸಾರಜನಕ ಇವು ಯಾವುವೂ ಕೊರತೆಯಾಗದಂತೆ ನೋಡಿಕೊಂಡು, ಆಹಾರದ ಶಕ್ತಿಯನ್ನು, ಎಂದರೆ ಕ್ಯಾಲೊರಿಯನ್ನು ಮಾತ್ರ ತಗ್ಗಿಸಿದರೂ ಗಡ್ಡೆಗಳು ಕಡಿಮೆಯಾದುವು. ಹುಟ್ಟಿದವೂ ತಡವಾಗಿ ಹುಟ್ಟಿದುವು. ಆದರೆ ಮನುಷ್ಯರ ವಿಷಯದಲ್ಲಿ ಈ ವಿಚಾರ ಅನಂತರ ಕೆಲವು ದಶಕಗಳ ಕಾಲ ಹಿಂದೆ ಬಿದ್ದಿತು. ೧೯೫೦ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರಹಮ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬಯಲು ಮಾಡಿದರು. ತಂಬಾಕಿನ ಎದುರಿಗೆ ಬೊಜ್ಜು ಸಣ್ಣದಾಗಿ ಕಂಡಿತು. ಕಂಡದ್ದು ಮಾತ್ರವಲ್ಲ, ತಂಬಾಕೇ ಬೊಜ್ಜನ್ನು ಮರೆಮಾಡಿತು ಎನ್ನಬೇಕು. ಸಿಗರೇಟು ಸೇದುವವರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ, ಕ್ಯಾನ್ಸರಿನಿಂದ ಹೆಚ್ಚು ಸಾಯುತ್ತಾರೆ; ಅವರನ್ನೂ ಸೇರಿಸಿ ಎಣಿಸಿದರೆ ತೆಳ್ಳಗಿರುವುದೇ ಅಪಾಯವೆಂದು ತೋರುತ್ತದೆ. ಇದಲ್ಲದೆ ಒಳಗೆ ಅಡಗಿದ ರೋಗವು ಪತ್ತೆಯಾಗುವ ಮುನ್ನವೇ ಮೈಯನ್ನು ಇಳಿಸಿರುತ್ತದೆ. ಹಾಸಿಗೆಯ ಪಕ್ಕದಲ್ಲಿ ನಮ್ಮ ಕಣ್ಣನ್ನು ಮೋಸಗೊಳಿಸಿದ ಕೃಶತೆ ಅಂಕಿಗಳನ್ನೂ ಮೋಸಗೊಳಿಸಿತ್ತು.

ಹತ್ತು ಲಕ್ಷ ಜನರ ಎಣಿಕೆ

ಈ ಮೋಸವನ್ನು ಬಿಡಿಸಬೇಕಾದರೆ ಎಣಿಕೆ ಬಹು ದೊಡ್ಡದಾಗಬೇಕು. ಅಳತೆ ಒಂದೇ ಆಗಬೇಕು. ಅಳತೆ ಹಳೆಯದೇ ಇತ್ತು. ಬೆಲ್ಜಿಯಮ್ಮಿನ ಖಗೋಲಜ್ಞ ಅಡಾಲ್ಫ್ ಕೆಟ್ಲೆ ಎಂಬವನು ೧೮೩೦ರ ದಶಕದಲ್ಲಿಯೇ, ವಯಸ್ಕರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಗಮನಿಸಿದ್ದನು. ೧೯೭೨ರಲ್ಲಿ ಆನ್ಸೆಲ್ ಕೀಸ್ ಮತ್ತು ಅವನ ಸಹೋದ್ಯೋಗಿಗಳು ಅದಕ್ಕೆ ಇಂದು ಎಲ್ಲರ ಬಾಯಲ್ಲಿರುವ 'ಬಿ.ಎಂ.ಐ.' ಎಂಬ ಹೆಸರನ್ನಿತ್ತರು. ಕಿಲೋಗ್ರಾಮಿನಲ್ಲಿ ತೂಕವನ್ನು, ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಆಯಿತು. ೧೬೦ ಸೆಂಟಿಮೀಟರ್ ಎತ್ತರ, ೬೪ ಕಿಲೋ ತೂಕವಿರುವವರ ಸೂಚ್ಯಂಕ ೨೫. ಇದೊಂದು ಒರಟು ಅಳತೆ. ಮಾಂಸಖಂಡ ಯಾವುದು, ಬೊಜ್ಜು ಯಾವುದು ಎಂದು ಅದು ಬಿಡಿಸಿ ಹೇಳುವುದಿಲ್ಲ. ಆದರೆ ಲಕ್ಷಗಟ್ಟಲೆ ಜನರನ್ನು ಹೋಲಿಸಲು ಸಾಕು.

ಅಮೆರಿಕದ ಕ್ಯಾನ್ಸರ್ ಸೊಸೈಟಿಯು ೧೯೫೯ರಲ್ಲಿ ಹತ್ತು ಲಕ್ಷ ಜನರನ್ನು ಹಿಂಬಾಲಿಸುವ ಸಾಹಸಕ್ಕೆ ಕೈಹಾಕಿತು. ಸಾವಿರಾರು ಸ್ವಯಂಸೇವಕರು ನೆರೆಹೊರೆಯವರಿಂದ ವಿವರಗಳನ್ನು ಬರೆಸಿಕೊಂಡು ಬಂದರು. ಅವರಲ್ಲಿ ಏಳೂವರೆ ಲಕ್ಷ ಜನರ ತೂಕವನ್ನೂ ಸಾವನ್ನೂ ಹೋಲಿಸಿ ಲ್ಯೂ ಮತ್ತು ಗಾರ್ಫಿಂಕಲ್ ೧೯೭೯ರಲ್ಲಿ ಪ್ರಕಟಿಸಿದ ಪ್ರಬಂಧವು ಹಳೆಯ ಶಂಕೆಯನ್ನು ಗಟ್ಟಿಮಾಡಿತು. ೧೯೮೨ರಲ್ಲಿ ಆರಂಭವಾದ ಎರಡನೆಯ ಎಣಿಕೆ ಇನ್ನೂ ದೊಡ್ಡದು. ಅದರ ಫಲವನ್ನು ಯೂಜೀನಿಯಾ ಕ್ಯಾಲಿ ಮತ್ತು ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದರು. ಮೊದಲಿಗೆ ಕ್ಯಾನ್ಸರ್ ಇಲ್ಲದಿದ್ದ ಒಂಬತ್ತು ಲಕ್ಷಕ್ಕೂ ಮೀರಿದ ಜನರನ್ನು ೧೬ ವರ್ಷ ಗಮನಿಸಿದಾಗ, ೫೭,೧೪೫ ಮಂದಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಬಿ.ಎಂ.ಐ. ೪೦ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಕ್ಯಾನ್ಸರಿನ ಸಾವು, ಸಹಜ ತೂಕದವರಿಗಿಂತ ಗಂಡಸರಲ್ಲಿ ಶೇಕಡ ೫೨ರಷ್ಟು, ಹೆಂಗಸರಲ್ಲಿ ಶೇಕಡ ೬೨ರಷ್ಟು ಹೆಚ್ಚು. ಆ ದೇಶದ ಕ್ಯಾನ್ಸರ್ ಮರಣಗಳಲ್ಲಿ ಗಂಡಸರಲ್ಲಿ ಶೇಕಡ ೧೪, ಹೆಂಗಸರಲ್ಲಿ ಶೇಕಡ ೨೦ರವರೆಗೆ ಅಧಿಕ ತೂಕವೇ ಕಾರಣವಿರಬಹುದೆಂದು ಅವರು ಅಂದಾಜು ಮಾಡಿದರು.

ಬೊಜ್ಜು ಬರಿಯ ಕಣಜವಲ್ಲ

ಕಾರಣವೇನು? ಕೊಬ್ಬೆಂದರೆ ಮೈಯೊಳಗೆ ಸುಮ್ಮನೆ ಬಿದ್ದಿರುವ ದಾಸ್ತಾನು ಎಂದು ಬಹುಕಾಲ ತಿಳಿದಿದ್ದರು. ಕಣಜದ ಹೋಲಿಕೆ ಇಲ್ಲಿ ಮುರಿದುಬೀಳುತ್ತದೆ. ೧೯೭೦ರ ದಶಕದಲ್ಲಿ ಸಿಟೆರಿ, ಮ್ಯಾಕ್‌ಡೊನಾಲ್ಡ್ ಮೊದಲಾದವರ ಸಂಶೋಧನೆಯಿಂದ, ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಮುಖ್ಯವಾಗಿ ಕೊಬ್ಬಿನ ಅಂಗಾಂಶದಲ್ಲಿಯೇ ತಯಾರಾಗುತ್ತದೆಂದು ಸ್ಪಷ್ಟವಾಯಿತು. ಆ ಹಾರ್ಮೋನು ಗರ್ಭಕೋಶದ ಒಳಪದರವನ್ನೂ ಸ್ತನವನ್ನೂ ಬೆಳೆಯೆಂದು ಪ್ರಚೋದಿಸುತ್ತದೆ. ಬೆಳವಣಿಗೆ ಹೆಚ್ಚಿದಷ್ಟೂ ಜೀವಕೋಶಗಳು ದಾರಿ ತಪ್ಪುವ ಅವಕಾಶವೂ ಹೆಚ್ಚು. ೧೯೯೪ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಾಲಯದವರು ಕೊಬ್ಬಿನ ಕಣಗಳು ಮಿದುಳಿಗೆ ಸಂದೇಶ ಕಳಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಬೆಳಕಿಗೆ ತಂದರು. ಬೊಜ್ಜು ಹೆಚ್ಚಿದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಮೈಯೊಳಗೆ ನಿಧಾನವಾದ ಉರಿಯೂತವೊಂದು ನೆಲೆಯೂರುತ್ತದೆ, ಹೊಟ್ಟೆಯ ಹುಳಿ ಮೇಲಕ್ಕೇರಿ ಅನ್ನನಾಳವನ್ನು ಸುಡುತ್ತದೆ. ಒಂದೊಂದು ಅಂಗಕ್ಕೆ ಒಂದೊಂದು ದಾರಿ.

ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೨೦೦೨ರಲ್ಲಿ ಸಾಕ್ಷ್ಯಗಳನ್ನೆಲ್ಲ ತೂಗಿನೋಡಿ ಐದು ಬಗೆಯ ಕ್ಯಾನ್ಸರುಗಳನ್ನು ಹೆಸರಿಸಿತು: ದೊಡ್ಡ ಕರುಳು, ಮುಟ್ಟು ನಿಂತ ಮೇಲಿನ ಸ್ತನ, ಗರ್ಭಕೋಶದ ಒಳಪದರ, ಮೂತ್ರಪಿಂಡ, ಅನ್ನನಾಳದ ಒಂದು ಬಗೆ. ೨೦೧೬ರಲ್ಲಿ ಜಠರದ ಮೇಲ್ತುದಿ, ಯಕೃತ್ತು, ಪಿತ್ತಕೋಶ, ಮೇದೋಜೀರಕ, ಅಂಡಾಶಯ, ಥೈರಾಯ್ಡ್, ಮಿದುಳಪೊರೆಯ ಗಡ್ಡೆ, ಮಲ್ಟಿಪಲ್ ಮೈಲೋಮ ಇವೂ ಕೂಡಿ ಪಟ್ಟಿ ಹದಿಮೂರಕ್ಕೆ ಬೆಳೆಯಿತು. ತೂಕ ಇಳಿದರೆ ಅಪಾಯವೂ ಇಳಿಯುವುದೆ? ಸ್ವೀಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಸಿಕೊಂಡ ೨,೦೧೦ ಮಂದಿಯನ್ನು, ಹಾಗೆ ಮಾಡಿಸಿಕೊಳ್ಳದ ೨,೦೩೭ ಮಂದಿಯೊಡನೆ ಹೋಲಿಸಿ ೨೦೦೯ರಲ್ಲಿ ಫಲವನ್ನು ಪ್ರಕಟಿಸಿದರು. ಹೆಂಗಸರಲ್ಲಿ ಕ್ಯಾನ್ಸರ್ ಗಣನೀಯವಾಗಿ ಕಡಿಮೆಯಾಗಿತ್ತು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ವಿಜ್ಞಾನದ ಉತ್ತರ ಅನೇಕವೇಳೆ ಹೀಗೆ ಅರ್ಧ ಬೆಳಕಿನಲ್ಲಿಯೇ ಬರುತ್ತದೆ. ಮುಟ್ಟು ನಿಲ್ಲುವ ಮೊದಲಿನ ಸ್ತನ ಕ್ಯಾನ್ಸರಂತೂ ಸ್ಥೂಲಕಾಯದವರಲ್ಲಿ ಒಂದಿಷ್ಟು ಕಡಿಮೆಯೇ ಎಂದು ಕಂಡುಬಂದಿರುವುದನ್ನೂ ಮುಚ್ಚಿಡಬೇಕಾಗಿಲ್ಲ.

ನಮ್ಮ ಮನೆಬಾಗಿಲಲ್ಲಿ

ಇದೆಲ್ಲ ಉಂಡು ಮಿಕ್ಕ ದೇಶಗಳ ಕಥೆ, ನಮಗೇಕೆ ಎಂದು ವಾಚಕರು ಕೇಳಬಹುದು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಶೇಕಡ ೨೪ ಮಂದಿಯ ತೂಕ ಮಿತಿಮೀರಿದೆ. ಗಂಡಸರಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಅದೇ ಸಮೀಕ್ಷೆಯಲ್ಲಿ ಶೇಕಡ ೧೮ಕ್ಕೂ ಮೀರಿದ ಹೆಂಗಸರು ಇರಬೇಕಾದುದಕ್ಕಿಂತ ತೆಳ್ಳಗಿದ್ದಾರೆ. ಬರವೂ ಬೊಜ್ಜೂ ಒಂದೇ ಬೀದಿಯಲ್ಲಿ ವಾಸಿಸುತ್ತಿವೆ. ಇನ್ನೊಂದು ಸಂಗತಿ: ನಮ್ಮವರ ಮೈಯಲ್ಲಿ ಅದೇ ತೂಕಕ್ಕೆ ಕೊಬ್ಬಿನ ಪಾಲು ಯೂರೋಪಿನವರಿಗಿಂತ ಹೆಚ್ಚು, ಅದು ಹೊಟ್ಟೆಯ ಸುತ್ತಲೇ ಸೇರಿಕೊಳ್ಳುತ್ತದೆ. ಆದ್ದರಿಂದಲೇ ೨೦೦೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯದವರು ಬಿ.ಎಂ.ಐ. ೨೩ರಿಂದಲೇ ಎಚ್ಚರವಾಗಿರುವುದು ಲೇಸೆಂದು ಸೂಚಿಸಿದರು.

ಬೆಂಗಳೂರಿನಲ್ಲಿ ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯು ೧೯೮೦ರ ದಶಕದ ಮೊದಲಿನಿಂದ ನಗರದ ಕ್ಯಾನ್ಸರ್ ರೋಗಿಗಳನ್ನು ನೋಂದಾಯಿಸುತ್ತ ಬಂದಿದೆ. ದೇಶದಲ್ಲಿ ಅಂಥ ಎಣಿಕೆಗೆ ಮೊದಲು ಕೈಹಾಕಿದ ನಗರಗಳಲ್ಲಿ ನಮ್ಮದೂ ಒಂದು. ಒಂದು ಕಾಲಕ್ಕೆ ಇಲ್ಲಿನ ಹೆಂಗಸರಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮುಂದಿತ್ತು. ಈಗ ಸ್ತನದ ಕ್ಯಾನ್ಸರ್ ಅದನ್ನು ಹಿಂದೆ ಹಾಕಿದೆ. ತಡವಾದ ಹೆರಿಗೆ, ಕಡಿಮೆ ಮಕ್ಕಳು, ಬದಲಾದ ಬದುಕು ಹೀಗೆ ಕಾರಣಗಳು ಹಲವು, ತೂಕವೂ ಅವುಗಳಲ್ಲೊಂದು. ಆದರೂ ಪ್ರಮಾಣ ತಪ್ಪಬಾರದು. ನಮ್ಮಲ್ಲಿ ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾಗಳೇ ಇಂದಿಗೂ ಕ್ಯಾನ್ಸರಿನ ದೊಡ್ಡ ದಾರಿ.

ಕೊನೆಗೆ ಉಳಿಯುವ ಪ್ರಶ್ನೆ ದೂಷಣೆಯದು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಳ್ಳೆಯ ಗಾದೆಯೇ, ಆದರೆ ಅದನ್ನು ತಿರುಗಿಸಿ, ರೋಗ ಬಂದವನಿಗೆ ಊಟ ಗೊತ್ತಿರಲಿಲ್ಲ ಎಂದು ಓದುವವರು ಬಹಳ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್, ತಾನೇ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು, ೧೯೭೮ರಲ್ಲಿ ಬರೆದ ಪುಸ್ತಕದಲ್ಲಿ ರೋಗವನ್ನು ರೋಗಿಯ ಸ್ವಭಾವದ ಕುರುಹಾಗಿ ಮಾಡುವ ಈ ಚಾಳಿಯನ್ನು ಖಂಡಿಸಿದಳು. ದಪ್ಪಗಿರುವ ಬಹುಪಾಲು ಜನಕ್ಕೆ ಈ ನಂಟಿನಿಂದ ಕ್ಯಾನ್ಸರ್ ಬರುವುದಿಲ್ಲ. ತೆಳ್ಳಗಿರುವ ಎಷ್ಟೋ ಮಂದಿಗೆ ಬರುತ್ತದೆ. ಲಕ್ಷ ಜನರ ಎಣಿಕೆ ಲಕ್ಷ ಜನರ ಮಾತನ್ನು ಹೇಳುತ್ತದೆ. ಎದುರಿಗೆ ಕುಳಿತ ಒಬ್ಬರ ವಿಷಯದಲ್ಲಿ ಅದು ತೀರ್ಪು ಕೊಡಲಾರದು. ಮೈತೂಕವೂ ಬರಿಯ ನಾಲಗೆಯ ಚಾಪಲ್ಯದಿಂದ ಬರುವುದಲ್ಲ. ಹುಟ್ಟಿನಿಂದ ಬಂದ ಗುಣ, ದಿನವಿಡೀ ಕೂತು ಮಾಡುವ ಕೆಲಸ, ನಡೆಯಲು ಜಾಗವಿಲ್ಲದ ಬೀದಿ, ಹಣ್ಣಿಗಿಂತ ಅಗ್ಗವಾಗಿ ಸಿಕ್ಕುವ ಕರಿದ ತಿಂಡಿ ಇವೆಲ್ಲವೂ ಅದರಲ್ಲಿ ಸೇರಿವೆ.

ಆದ್ದರಿಂದ ಈ ನೂರು ವರ್ಷದ ಲೆಕ್ಕವನ್ನು ಆರೋಗ್ಯವಾಗಿರುವವರು ತಮ್ಮ ತಮ್ಮ ಎಚ್ಚರಕ್ಕೆ ಬಳಸಿಕೊಳ್ಳಲಿ; ನಗರವನ್ನು ಕಟ್ಟುವವರು ಕಾಲುದಾರಿಗೂ ಆಟದ ಬಯಲಿಗೂ ಜಾಗ ಬಿಡುವಾಗ ನೆನೆಯಲಿ; ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಎದೆಯಲ್ಲಿ ಗಂಟು ತೋರಿದರೆ, ನಾಚದೆ, ತಡಮಾಡದೆ ವೈದ್ಯರ ಬಳಿಗೆ ಹೋಗಲು ಅದು ನೆಪವಾಗಲಿ. ರೋಗಿಯನ್ನು ನೋಡಲು ಆಸ್ಪತ್ರೆಗೆ ಹೋದಾಗ ಮಾತ್ರ ಆ ಲೆಕ್ಕವನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗುವುದು ಲೇಸು.